ವೀರ ಕವಿ ನರ್ಮದ: ವಿಚಾರಕ್ಕೂ ಧರ್ಮಕ್ಕೂ ನಡುವೆ ಸಾಗಿದ ಒಂದು ಬದುಕು

ಸೂರತ್ ನಗರದಲ್ಲಿ ನೆಲೆಸಿರುವ ಕನ್ನಡಿಗರೆಲ್ಲರಿಗೂ ನರ್ಮದ ಎಂಬ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ನಮ್ಮ ಮಕ್ಕಳು ಪದವಿ ಪಡೆಯುವ ವಿಶ್ವವಿದ್ಯಾನಿಲಯಕ್ಕೆ 2004ರಿಂದ ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾನಿಲಯವೆಂದೇ ಹೆಸರು. ಘೋಡ್‌ದೋಡ್ ರಸ್ತೆಯ ನಗರಪಾಲಿಕೆಯ ಕೇಂದ್ರ ಗ್ರಂಥಾಲಯವೂ ಅವರ ಹೆಸರನ್ನೇ ಹೊತ್ತಿದೆ. ಅವರ ಜನ್ಮದಿನವಾದ ಆಗಸ್ಟ್ 24ನ್ನು ಗುಜರಾತಿಗಳು ವಿಶ್ವ ಗುಜರಾತಿ ಭಾಷಾ ದಿನವೆಂದು ಆಚರಿಸುತ್ತಾರೆ. ಆದರೂ ನಮ್ಮಲ್ಲಿ ಅನೇಕರಿಗೆ ಅವರು ಒಬ್ಬ ಹಳೆಯ ಕವಿ ಎಂಬುದಕ್ಕಿಂತ ಹೆಚ್ಚೇನೂ ತಿಳಿದಿರುವುದಿಲ್ಲ. ಬ್ಯಾಂಕಿನ ಉದ್ಯೋಗದ ನಿಮಿತ್ತ ಈ ಊರಿಗೆ ಬಂದು ಬಹುಕಾಲ ಕಳೆದ ನನ್ನ ಸ್ಥಿತಿಯೂ ಹಾಗೆಯೇ ಇತ್ತು. ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಅವರ ಜೀವನಚರಿತ್ರೆಯತ್ತ ತಿರುಗಿಸಿತು. ಆ ಪ್ರಸಂಗವನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಮೊದಲು ಆ ಮಹನೀಯರ ಬದುಕನ್ನು ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನರ್ಮದಾಶಂಕರ ಲಾಲಶಂಕರ ದವೆ ಅವರು 1833ರ ಆಗಸ್ಟ್ 24ರಂದು ಸೂರತ್ತಿನ ನಾಗರ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಲಾಲಶಂಕರರು ಮುಂಬಯಿಯಲ್ಲಿ ಬರವಣಿಗೆಯ ಕೆಲಸ ಮಾಡುತ್ತಿದ್ದವರು. ಹೀಗಾಗಿ ಬಾಲಕನ ಓದು ಸೂರತ್ ಮತ್ತು ಮುಂಬಯಿಗಳೆರಡರಲ್ಲೂ ಸಾಗಿತು. ಅಂದಿನ ಪದ್ಧತಿಯಂತೆ ಹನ್ನೊಂದನೆಯ ವಯಸ್ಸಿನಲ್ಲೇ ವಿವಾಹವೂ ಆಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಇಂಗ್ಲಿಷ್ ಶಿಕ್ಷಣ ದೊರೆಯಿತಾದರೂ 1850ರಲ್ಲಿ ತಾಯಿ ತೀರಿಕೊಂಡಾಗ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು. 1852ರಲ್ಲಿ ತಾಪಿ ನದಿಯ ಆಚೆ ದಡದ ರಾಂದೇರಿನ ಶಾಲೆಯಲ್ಲಿ ಶಿಕ್ಷಕರಾದರು. ಮರುವರ್ಷ ಪತ್ನಿ ಗುಲಾಬ್ ತೀರಿಕೊಂಡರು. ಇಪ್ಪತ್ತು ತುಂಬುವ ಹೊತ್ತಿಗೆ ಆ ತರುಣ ತಾಯಿಯನ್ನೂ ಪತ್ನಿಯನ್ನೂ ಕಳೆದುಕೊಂಡಿದ್ದ.

ಆ ಕಾಲದ ಸೂರತ್ತನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮೊಗಲರ ಕಾಲದಲ್ಲಿ ಪ್ರಪಂಚದ ಹಡಗುಗಳೆಲ್ಲ ಬಂದು ನಿಲ್ಲುತ್ತಿದ್ದ ಬಂದರು ಅದು. ವ್ಯಾಪಾರವೆಲ್ಲ ಮುಂಬಯಿಗೆ ಹೋದ ಮೇಲೆ ಬಡವಾಗಿತ್ತು. 1837ರ ಭೀಕರ ಅಗ್ನಿ ದುರಂತವೂ ಪ್ರವಾಹವೂ ಅದನ್ನು ಇನ್ನಷ್ಟು ಕುಗ್ಗಿಸಿದ್ದವು. ಆದರೆ ಅದೇ ನಗರದಲ್ಲಿ ಹೊಸ ಆಲೋಚನೆಯೊಂದು ತಲೆಯೆತ್ತಿತು. ದುರ್ಗಾರಾಮ ಮೆಹತಾಜಿ ಎಂಬ ಶಾಲಾ ಶಿಕ್ಷಕರು ದಾದೋಬಾ ಪಾಂಡುರಂಗ ಮೊದಲಾದ ಮಿತ್ರರೊಡಗೂಡಿ 1844ರಲ್ಲಿ ಮಾನವ ಧರ್ಮ ಸಭೆಯನ್ನು ಸ್ಥಾಪಿಸಿದರು. ಸಭೆಯ ಹೆಸರನ್ನು ಗಮನಿಸಿರಿ. ಜಾತಿ ಪಂಥಗಳನ್ನು ಮೀರಿ ಮನುಷ್ಯರಿಗೆಲ್ಲ ಸಲ್ಲುವ ಒಂದು ಧರ್ಮ ಇರಬೇಕೆಂಬುದು ಅವರ ಆಶಯವಾಗಿತ್ತು. ಮಂತ್ರವಾದಿಗಳು ತಮ್ಮ ಶಕ್ತಿಯನ್ನು ಜನರ ಮುಂದೆ ತೋರಿಸಲಿ ಎಂದು ದುರ್ಗಾರಾಮರು ಬಹಿರಂಗವಾಗಿ ಪಂಥಾಹ್ವಾನ ನೀಡುತ್ತಿದ್ದರು. ಅವರು 1852ರಲ್ಲಿ ರಾಜಕೋಟೆಗೆ ತೆರಳಿದ ಮೇಲೆ ಸಭೆ ನಿಂತುಹೋಯಿತು. ಆದರೆ ಅದು ಎಬ್ಬಿಸಿದ ಪ್ರಶ್ನೆಗಳು ನಿಲ್ಲಲಿಲ್ಲ. ನರ್ಮದರು ಬೆಳೆದದ್ದು ಆ ಪ್ರಶ್ನೆಗಳ ನಡುವೆ.

ಸುಧಾರಕ ನರ್ಮದ

ಮುಂಬಯಿಯ ವಿದ್ಯಾರ್ಥಿ ದೆಸೆಯಲ್ಲಿ ಅವರು ಸಮವಯಸ್ಕ ಮಿತ್ರರೊಂದಿಗೆ ಸಭೆ ಕಟ್ಟಿಕೊಂಡರು. 1851ರಲ್ಲಿ ಬುದ್ಧಿವರ್ಧಕ ಸಭೆ ರೂಪುಗೊಂಡಿತು. ಜನರು ಒಟ್ಟುಗೂಡಿ ಮಂಡಲಿ ಕಟ್ಟಿಕೊಳ್ಳುವುದರಿಂದ ಆಗುವ ಲಾಭವನ್ನು ಕುರಿತು ಆ ವರ್ಷ ಅವರು ಮಾಡಿದ ಭಾಷಣ ಗುಜರಾತಿ ಗದ್ಯದ ಆರಂಭಿಕ ಮೈಲಿಗಲ್ಲುಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಪರನಾಡಿನಲ್ಲಿ ಸಂಘ ಕಟ್ಟಿಕೊಂಡಿರುವ ನಮಗೆ ಆ ವಿಷಯದ ಮಹತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

1858ರ ನವೆಂಬರ್ 23ರಂದು ಅವರು ಶಿಕ್ಷಕ ವೃತ್ತಿಗೆ ರಾಜೀನಾಮೆ ನೀಡಿದರು. ಆ ದಿನ ಮನೆಗೆ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನು ಮುಂದೆ ತಾನು ಲೇಖನಿಯ ಮಡಿಲ ಕೂಸು ಎಂದು ಸಂಕಲ್ಪ ಮಾಡಿದರೆಂಬ ಸಂಗತಿ ಗುಜರಾತಿನ ಶಾಲಾ ಮಕ್ಕಳಿಗೂ ಗೊತ್ತು. ತಿಂಗಳ ಸಂಬಳವನ್ನು ನಂಬಿ ಸಂಸಾರ ನಡೆಸುವ ನನ್ನಂಥವನಿಗೆ ಆ ನಿರ್ಧಾರದ ಭಾರ ಚೆನ್ನಾಗಿ ಅರ್ಥವಾಗುತ್ತದೆ. ಗುಜರಾತಿಯಲ್ಲಿ ಬರೆದು ಬದುಕುವುದು ಅಂದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ರಾಜಾಶ್ರಯವಾಗಲಿ, ಸರಕಾರದ ಅನುದಾನವಾಗಲಿ ಅವರಿಗಿರಲಿಲ್ಲ. ಮುಂದಿನ ಇಪ್ಪತ್ತನಾಲ್ಕು ವರ್ಷ ಸಾಲದ ನಡುವೆಯೇ ಆ ಸಂಕಲ್ಪವನ್ನು ಅವರು ಉಳಿಸಿಕೊಂಡರು.

ಅವರ ಸುಧಾರಣೆಯ ಕೇಂದ್ರದಲ್ಲಿ ಇದ್ದವರು ವಿಧವೆಯರು. ಬಾಲ್ಯವಿವಾಹದ ಫಲವಾಗಿ ಆಟವಾಡುವ ವಯಸ್ಸಿನಲ್ಲೇ ವೈಧವ್ಯಕ್ಕೆ ಗುರಿಯಾಗಿ, ಮನೆಯ ಮೂಲೆಯಲ್ಲಿ ಆಯುಷ್ಯ ಸವೆಸುವ ಹೆಣ್ಣುಮಕ್ಕಳು ಪ್ರತಿಯೊಂದು ಉಚ್ಚ ಜಾತಿಯ ಮನೆಯಲ್ಲೂ ಇದ್ದರು. 1856ರಲ್ಲಿ ವಿಧವಾ ಪುನರ್ವಿವಾಹ ಕಾಯಿದೆ ಜಾರಿಗೆ ಬಂದಿತ್ತು. ಬಂಗಾಳದಲ್ಲಿ ಅದಕ್ಕಾಗಿ ಶ್ರಮಿಸಿದ ಈಶ್ವರಚಂದ್ರ ವಿದ್ಯಾಸಾಗರರು ಪರಾಶರ ಸ್ಮೃತಿಯ ಆಧಾರವನ್ನೇ ಮುಂದಿಟ್ಟು, ಶಾಸ್ತ್ರವೇ ಇದಕ್ಕೆ ಅನುಮತಿ ನೀಡುತ್ತದೆಂದು ವಾದಿಸಿದರು. ನರ್ಮದರ ಮಾರ್ಗ ಬೇರೆಯಾಗಿತ್ತು.

1860ರ ಆಗಸ್ಟ್ 21ರಂದು ಮುಂಬಯಿಯಲ್ಲಿ ಪುಷ್ಟಿಮಾರ್ಗದ ಗುರುಗಳಾದ ಜದುನಾಥಜಿ ಮಹಾರಾಜರಿಗೂ ನರ್ಮದರಿಗೂ ವಿಧವಾ ವಿವಾಹ ಕುರಿತು ಬಹಿರಂಗ ಚರ್ಚೆ ಏರ್ಪಟ್ಟಿತು. ಮಾತು ಬಹುಬೇಗ ಮೂಲ ಪ್ರಶ್ನೆಗೆ ತಿರುಗಿತು. ಶಾಸ್ತ್ರಗಳು ದೇವರಿಂದ ಬಂದವೆಂದು ಒಪ್ಪುವಿರಾ ಎಂಬುದೇ ಆ ಪ್ರಶ್ನೆ. ನರ್ಮದರು ಒಪ್ಪಲಿಲ್ಲ. ಸಭೆ ಗದ್ದಲದಲ್ಲಿ ಮುಗಿಯಿತು. ಇಪ್ಪತ್ತೇಳು ವರ್ಷದ ಯುವಕನೊಬ್ಬ ಸಾವಿರಾರು ಭಕ್ತರ ಗುರುವಿನೆದುರು ನಿಂತು ಹಾಗೆ ಹೇಳುವುದು ಎಂಥ ಎದೆಗಾರಿಕೆಯ ಮಾತೆಂಬುದನ್ನು ಓದುಗರು ಊಹಿಸಬಹುದು. ಮನುಷ್ಯನ ದುಃಖವನ್ನು ಅಳೆಯಲು ಗ್ರಂಥದ ಅಪ್ಪಣೆ ಬೇಕಿಲ್ಲ, ಬುದ್ಧಿ ಮತ್ತು ಕರುಣೆ ಸಾಕು ಎಂಬುದು ಅವರ ನಿಲುವಾಗಿತ್ತು. ಇಂದು ನಾವು ಜಾತ್ಯತೀತ ಮಾನವತಾವಾದ ಎಂದು ಕರೆಯುವ ದೃಷ್ಟಿಗೆ ಪಶ್ಚಿಮ ಭಾರತದಲ್ಲಿ ದೊರೆತ ಆರಂಭದ ದನಿಗಳಲ್ಲಿ ಇದೂ ಒಂದು.

ಆ ಚರ್ಚೆಯ ಬೆನ್ನಲ್ಲೇ ಕರಸನದಾಸ ಮೂಲಜಿಯವರು ಸತ್ಯಪ್ರಕಾಶ ಪತ್ರಿಕೆಯಲ್ಲಿ ಮಹಾರಾಜರ ನಡತೆಯನ್ನು ಟೀಕಿಸಿ ಬರೆದರು. ಜದುನಾಥಜಿಯವರು 50,000 ರೂಪಾಯಿಗಳ ಮಾನನಷ್ಟ ಮೊಕದ್ದಮೆ ಹೂಡಿದರು. 1862ರ ಏಪ್ರಿಲ್‌ನಲ್ಲಿ ಮುಂಬಯಿಯ ನ್ಯಾಯಾಲಯ ಕರಸನದಾಸರ ಪರವಾಗಿ ತೀರ್ಪಿತ್ತಿತು. ಈ ಮೊಕದ್ದಮೆಯನ್ನು ಆಧರಿಸಿದ ಹಿಂದಿ ಚಿತ್ರವೊಂದರ ಬಿಡುಗಡೆಗೆ 2024ರ ಜೂನ್‌ನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಮೊದಲು ತಡೆ ನೀಡಿ, ಕೆಲವೇ ದಿನಗಳಲ್ಲಿ ತೆರವುಗೊಳಿಸಿದುದು ನೆನಪಿರಬಹುದು. ನೂರ ಅರವತ್ತು ವರ್ಷಗಳ ಅನಂತರವೂ ಆ ಪ್ರಶ್ನೆಗಳು ಆರಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

1864ರ ಸೆಪ್ಟೆಂಬರ್‌ನಲ್ಲಿ ನರ್ಮದರು ದಾಂಡಿಯೋ ಎಂಬ ಪಾಕ್ಷಿಕವನ್ನು ಆರಂಭಿಸಿದರು. ರಾತ್ರಿ ಹೊತ್ತು ಬಡಿಯುತ್ತ ಜನರನ್ನು ಎಚ್ಚರಿಸುವ ಕಾವಲುಗಾರನ ಹೆಸರು ಅದು. ಮೂಢನಂಬಿಕೆ, ಆಡಂಬರದ ಮದುವೆ, ಅಧಿಕಾರಿಗಳ ದರ್ಪ ಎಲ್ಲವೂ ಅದರ ಏಟಿಗೆ ಸಿಕ್ಕವು. ಅವರ ಪದ್ಯಗಳೂ ಹಾಗೆಯೇ ಜನರ ನಡುವೆ ಹರಡಿದವು. ಇಂಗ್ಲಿಷರು ಮಾಂಸಾಹಾರದ ಬಲದಿಂದ ನಮ್ಮನ್ನು ಆಳುತ್ತಿದ್ದಾರೆಂಬ ಅರ್ಥದ ಅವರದೊಂದು ಪದ್ಯ ಕಾಠಿಯಾವಾಡದ ಶಾಲಾ ಹುಡುಗರ ಬಾಯಲ್ಲೂ ಇತ್ತು. ಬಾಲಕ ಮೋಹನದಾಸ ಗಾಂಧಿ ಗುಟ್ಟಾಗಿ ಮಾಂಸ ತಿಂದು ನೋಡಿದ್ದರ ಹಿಂದೆ ಆ ಪದ್ಯದ ಪ್ರಭಾವವೂ ಇತ್ತೆಂಬುದನ್ನು ಗಾಂಧೀಜಿಯವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಸುಧಾರಕರ ಉತ್ಸಾಹ ಕೆಲವೊಮ್ಮೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನುಡಿದಂತೆ ನಡೆದ ಬಗೆ

ನುಡಿದದ್ದನ್ನು ನಡೆಯಲ್ಲಿ ತೋರಿಸಬೇಕೆಂಬ ಹಟ ನರ್ಮದರಿಗಿತ್ತು. ಸ್ವಜಾತಿಯ ವಿಧವೆಯರಿಗೆ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಅವರಲ್ಲೊಬ್ಬರಾದ ನರ್ಮದಾಗೌರಿಯವರನ್ನು ವಿವಾಹವಾದರು. ಜಾತಿಯವರು ಅವರನ್ನು ಬಹಿಷ್ಕರಿಸಿದರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ವಿವಾಹವಾದಾಗ 1856ರಲ್ಲಿ ಕೈಹಿಡಿದಿದ್ದ ಪತ್ನಿ ಡಾಹಿಗೌರಿ ಅದೇ ಮನೆಯಲ್ಲಿದ್ದರು. ಒಬ್ಬ ಹೆಣ್ಣಿನ ಕಣ್ಣೀರನ್ನು ಒರೆಸಲು ಹೊರಟ ಆದರ್ಶ ಇನ್ನೊಬ್ಬ ಹೆಣ್ಣಿಗೆ ಸವತಿಯನ್ನು ತಂದಿತು. ಡಾಹಿಗೌರಿಯವರು ಬಾಯಿಬಿಟ್ಟು ಏನನ್ನೂ ಬರೆದಿಟ್ಟು ಹೋಗಲಿಲ್ಲ. ವೀರನೆಂಬ ಬಿರುದನ್ನು ಉಚ್ಚರಿಸುವಾಗಲೆಲ್ಲ ಆಕೆಯ ಮೌನವನ್ನೂ ನೆನೆಯುವುದು ನ್ಯಾಯವೆಂದು ನನಗೆ ತೋರುತ್ತದೆ. ಮಾನವತಾವಾದ ಶಾಸ್ತ್ರವನ್ನು ಪ್ರಶ್ನಿಸಿದ ಮಾತ್ರಕ್ಕೆ ಪೂರ್ಣವಾಗುವುದಿಲ್ಲ. ಮನೆಯೊಳಗಿನ ಮನುಷ್ಯರನ್ನೂ ಅದು ಕಾಣಬೇಕಾಗುತ್ತದೆ.

ಸಾಹಿತ್ಯ ಕ್ಷೇತ್ರದಲ್ಲಿ ಅವರು ಮಾಡಿದ ಕೆಲಸ ಒಬ್ಬ ಮನುಷ್ಯನಿಂದ ಆಗುವಂಥದ್ದೇ ಎಂದು ಬೆರಗಾಗುತ್ತದೆ. ಗುಜರಾತಿಯಲ್ಲಿ ಪ್ರಬಂಧ, ಇತಿಹಾಸ, ಆತ್ಮಕಥೆಗಳಿಗೆ ದಾರಿ ಹಾಕಿದರು. 1866ರಲ್ಲಿ ಬರೆದ ಆತ್ಮಕಥೆಯಲ್ಲಿ ತಮ್ಮ ದೌರ್ಬಲ್ಯಗಳನ್ನೂ ಮುಚ್ಚಿಡಲಿಲ್ಲ. ಸಾರ್ವಜನಿಕರಿಗೆ ಅದು ಪೂರ್ಣವಾಗಿ ದೊರೆತದ್ದು 1933ರ ಜನ್ಮಶತಾಬ್ದಿಯ ವೇಳೆಗೆ. ಸೂರತ್ತಿನ ಸಂಕ್ಷಿಪ್ತ ಇತಿಹಾಸವನ್ನು ಬರೆದರು. ಸುಮಾರು 25 ಸಾವಿರ ಶಬ್ದಗಳ ನರ್ಮಕೋಶವನ್ನು ಏಕಾಂಗಿಯಾಗಿ ಸಿದ್ಧಪಡಿಸಿ 1873ರಲ್ಲಿ ಪೂರ್ಣವಾಗಿ ಪ್ರಕಟಿಸಿದರು. ನಮ್ಮ ಕಿಟ್ಟೆಲ್ ಕೋಶ ಹೊರಬಂದದ್ದು 1894ರಲ್ಲಿ. ಕಿಟ್ಟೆಲರಿಗೆ ಬಾಸೆಲ್ ಮಿಷನ್ನಿನಂಥ ಸಂಸ್ಥೆಯ ಬೆಂಬಲವಿತ್ತು. ನರ್ಮದರ ಬೆನ್ನಿಗಿದ್ದದ್ದು ಸಾಲ.

ಗುಜರಾತಿನ ಹಿರಿಮೆಯನ್ನು ಹಾಡುವ ಅವರ ನಾಡಗೀತೆ ಆ ಕೋಶದ ಜೊತೆಯಲ್ಲೇ ಜನರಿಗೆ ದೊರೆಯಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಹಾಡಲಾದ ಹುಯಿಲಗೋಳ ನಾರಾಯಣರಾಯರ ಗೀತೆಗೆ ನಮ್ಮಲ್ಲಿ ಯಾವ ಸ್ಥಾನವಿದೆಯೋ ಅದಕ್ಕೆ ಇಲ್ಲಿ ಆ ಸ್ಥಾನವಿದೆ. ಅದರಲ್ಲಿ ನಾಡಿನ ನಾಲ್ಕು ದಿಕ್ಕುಗಳನ್ನು ಕಾಯುವವರು ಅಂಬೆ, ಕಾಳಿ, ಶಿವ, ಕೃಷ್ಣರೇ ಆಗಿದ್ದಾರೆ. ಆದರೆ ಗುಜರಾತು ಯಾರದೆಂದು ಕೇಳುವ ಇನ್ನೊಂದು ಕವಿತೆಯಲ್ಲಿ ಅವರು ಆ ನುಡಿಯನ್ನಾಡುವ ಎಲ್ಲರನ್ನೂ, ಬೇರೆ ಕುಲದವರನ್ನೂ, ಪರಧರ್ಮದವರನ್ನೂ ಆ ನೆಲದ ಮಕ್ಕಳೆಂದು ಒಪ್ಪಿಕೊಳ್ಳುತ್ತಾರೆ. ದೇವರ ಹೆಸರೆತ್ತುತ್ತಲೇ ಮನುಷ್ಯರನ್ನು ಮತದ ಗಡಿಯಿಂದಾಚೆಗೆ ಒಗ್ಗೂಡಿಸಬಹುದೆಂಬುದು ಆ ಎರಡು ಕವಿತೆಗಳನ್ನು ಜೊತೆಯಾಗಿ ಓದಿದಾಗ ತಿಳಿಯುತ್ತದೆ.

ಮರಳಿ ಧರ್ಮದತ್ತ

1870ರ ದಶಕದ ಮಧ್ಯದಿಂದ ನರ್ಮದರಲ್ಲಿ ದೊಡ್ಡ ಬದಲಾವಣೆ ಕಾಣಿಸಿಕೊಂಡಿತು. ಪ್ರಪಂಚದ ರಾಜ್ಯಗಳ ಏಳುಬೀಳುಗಳನ್ನು ಕುರಿತು ರಾಜ್ಯರಂಗ ಎಂಬ ಗ್ರಂಥವನ್ನು ಬರೆಯುವಾಗ ಅವರು ಅನೇಕ ದೇಶಗಳ ಚರಿತ್ರೆಯನ್ನು ಓದಿದರು. ತನ್ನ ಧರ್ಮದಲ್ಲಿ ಶ್ರದ್ಧೆ ಕಳೆದುಕೊಂಡ ಜನಾಂಗ ಬಲವನ್ನೂ ಕಳೆದುಕೊಳ್ಳುತ್ತದೆ ಎಂಬ ಭಾವನೆ ಅವರಲ್ಲಿ ಬೆಳೆಯಿತು. ಇಂಗ್ಲಿಷ್ ವಿದ್ಯೆಯ ಸುಧಾರಣೆ ಹಳೆಯದನ್ನು ಕೆಡವಿತೇ ಹೊರತು ಹೊಸದನ್ನು ಕಟ್ಟಲಿಲ್ಲ ಎನಿಸಿತು. ಜೊತೆಗಾರ ಸುಧಾರಕರಲ್ಲಿ ಹಲವರು ವೇದಿಕೆಯ ಮೇಲೆ ಒಂದು, ಮನೆಯಲ್ಲಿ ಇನ್ನೊಂದು ಎಂಬಂತೆ ಬದುಕುವುದನ್ನೂ ಅವರು ಕಂಡಿದ್ದರು. ದಯಾನಂದ ಸರಸ್ವತಿಯವರು ಮುಂಬಯಿಯಲ್ಲಿ ಆರ್ಯ ಸಮಾಜವನ್ನು ಸ್ಥಾಪಿಸಿದ್ದು 1875ರಲ್ಲಿ. ಸ್ವಧರ್ಮದ ಅಭಿಮಾನ ಅಂದಿನ ಗಾಳಿಯಲ್ಲೇ ಇತ್ತು.

ತಮ್ಮ ಬದಲಾದ ನಿಲುವನ್ನು ಅವರು ಬಚ್ಚಿಡಲಿಲ್ಲ. ಧರ್ಮವನ್ನು ಕುರಿತ ಅವರ ಲೇಖನಗಳು 1885ರಲ್ಲಿ ಧರ್ಮವಿಚಾರ ಎಂಬ ಗ್ರಂಥವಾಗಿ ಹೊರಬಂದವು. ಒಂದು ಕಾಲದಲ್ಲಿ ಅವರನ್ನು ಮುಂದಾಳೆಂದು ಭಾವಿಸಿದ್ದ ಸುಧಾರಕರಿಗೆ ಇದು ದ್ರೋಹವೆನಿಸಿತು. ಸಂಪ್ರದಾಯಸ್ಥರು ತಮಗೆ ಜಯವಾಯಿತೆಂದು ಬಗೆದರು. ಗೆಳೆಯರೂ ವಿಮರ್ಶಕರೂ ಆಗಿದ್ದ ಸೂರತ್ತಿನ ನವಲರಾಮ ಪಂಡ್ಯರು ಮಾತ್ರ ಅವರ ಬಾಳಿನಲ್ಲಿ ಇಡೀ ಕಾಲದ ಪ್ರತಿಬಿಂಬವನ್ನು ಕಂಡು ಅವರ ಜೀವನಚರಿತ್ರೆ ಬರೆದರು.

ಇಪ್ಪತ್ತೇಳರ ಹರೆಯದಲ್ಲಿ ಬಹುಜನರ ವಿರೋಧವನ್ನು ಎದುರಿಸಿದಂತೆಯೇ ನಡುವಯಸ್ಸು ದಾಟಿದ ಮೇಲೆ ತಮ್ಮ ಮಿತ್ರರ ವಿರೋಧವನ್ನು ಎದುರಿಸಲೂ ಅವರು ಸಿದ್ಧರಾದರು. ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಹಾಗೆಂದು ಅವರ ಉತ್ತರಾರ್ಧದ ವಾದಗಳೆಲ್ಲ ಸರಿಯೆಂದು ನಾನು ಹೇಳಲಾರೆ. ಜನಾಂಗದ ಬಲವನ್ನು ಚಿಂತಿಸುವ ಭರದಲ್ಲಿ ಮೂಲೆಯಲ್ಲಿ ಕುಳಿತ ವಿಧವೆ ಹಿನ್ನೆಲೆಗೆ ಸರಿದಳು. ಪೂರ್ವಾರ್ಧದಲ್ಲಿ ಅವರ ಕಣ್ಣು ಮೊದಲು ಬೀಳುತ್ತಿದ್ದದ್ದು ಅವಳ ಮೇಲೆ.

ಕೊನೆಯ ದಿನಗಳು ಕಷ್ಟದಲ್ಲಿ ಕಳೆದವು. 1882ರಲ್ಲಿ ಸಾಲದ ಒತ್ತಡ ತಾಳಲಾರದೆ ಮುಂಬಯಿಯ ಗೋಕುಲದಾಸ ತೇಜಪಾಲ ಧರ್ಮಖಾತೆಯಲ್ಲಿ ಕಾರ್ಯದರ್ಶಿಯ ಉದ್ಯೋಗಕ್ಕೆ ಸೇರಿದರು. ಲೇಖನಿಯನ್ನೇ ನಂಬುತ್ತೇನೆಂಬ ವ್ರತ ಭಂಗವಾದ ನೋವು ಅವರನ್ನು ಒಳಗೇ ತಿಂದಿತು. ಆರೋಗ್ಯ ಕೆಟ್ಟು 1886ರ ಫೆಬ್ರವರಿಯಲ್ಲಿ, 52ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದರು.

ಮುಂದುವರಿದ ಚರ್ಚೆ

ನರ್ಮದರು ಎತ್ತಿದ ಪ್ರಶ್ನೆಗೆ ಗುಜರಾತಿನ ಮೂರು ನಗರಗಳು ಮೂರು ಬಗೆಯ ಉತ್ತರ ಕೊಟ್ಟವೆನ್ನಬಹುದು. ಸೂರತ್ತಿನದು ನೇರ ಘರ್ಷಣೆಯ ಮಾರ್ಗ. ಅಹಮದಾಬಾದಿನಲ್ಲಿ ಭೋಳಾನಾಥ ಸಾರಾಭಾಯಿಯವರು 1871ರಲ್ಲಿ ಪ್ರಾರ್ಥನಾ ಸಮಾಜವನ್ನು ಕಟ್ಟಿ, ದೇವರನ್ನು ಉಳಿಸಿಕೊಂಡೇ ಮೂರ್ತಿಪೂಜೆ ಜಾತಿಭೇದಗಳನ್ನು ಬಿಡುವ ಮಧ್ಯಮ ಮಾರ್ಗ ಹಿಡಿದರು. 1860ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದು ಜಾತಿ ಬಹಿಷ್ಕಾರ ಅನುಭವಿಸಿದ ಮಹೀಪತರಾಮ ರೂಪರಾಮ ನೀಲಕಂಠರು ಸೂರತ್ತಿನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಶಿಕ್ಷಣ ಕಾರ್ಯ ನಡೆಸಿದವರು. ಅವರ ಮಗ ರಮಣಭಾಯಿ 1900ರಲ್ಲಿ ಭದ್ರಂಭದ್ರ ಎಂಬ ಹಾಸ್ಯ ಕಾದಂಬರಿ ಬರೆದು ಕುರುಡು ಸಂಪ್ರದಾಯವನ್ನು ನಗೆಯಿಂದ ಎದುರಿಸಿದರು. ಸೊಸೆ ವಿದ್ಯಾಗೌರಿಯೂ ಆಕೆಯ ತಂಗಿ ಶಾರದಾ ಮೆಹತಾ ಅವರೂ 1901ರಲ್ಲಿ ಗುಜರಾತಿನ ಮೊದಲ ಮಹಿಳಾ ಪದವೀಧರೆಯರಾದರು.

ವಡೋದರೆಯದು ರಾಜಶಾಸನದ ಮಾರ್ಗ. ಮೂರನೆಯ ಸಯಾಜಿರಾವ್ ಗಾಯಕವಾಡರು 1904ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆ ತಂದರು. 1906ರಲ್ಲಿ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. 1913ರಲ್ಲಿ ತರುಣ ಅಂಬೇಡ್ಕರರಿಗೆ ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ ನೀಡಿದರು. ತಾವು ಆಸ್ತಿಕರಾಗಿದ್ದುಕೊಂಡೇ ಪ್ರಜೆಗಳ ಬದುಕನ್ನು ಇಹದ ನ್ಯಾಯದಿಂದ ಅಳೆದರು. ನಮ್ಮ ಕನ್ನಡನಾಡಿನಲ್ಲೂ ಇದೇ ಕಾಲದಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರು ವಿಧವಾ ವಿವಾಹವನ್ನು ವಸ್ತುವಾಗಿಸಿ ಇಂದಿರಾಬಾಯಿ ಕಾದಂಬರಿಯನ್ನು ಮಂಗಳೂರಿನಲ್ಲಿ ಪ್ರಕಟಿಸಿದರು.

ನಮ್ಮ ಮನೆಯ ಪ್ರಸಂಗ

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಸೂರತ್ತಿಗೆ ಬಂದು ನಮ್ಮೊಡನೆ ಇದ್ದಾರೆ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮೀ ಪೂಜೆ ನಡೆಯುತ್ತದೆ. ನೆರೆಹೊರೆಯ ಕನ್ನಡ ಗೃಹಿಣಿಯರು ಅರಿಶಿನ ಕುಂಕುಮಕ್ಕೆ ಬರುತ್ತಾರೆ. ಮಡಿಯುಟ್ಟು ನೈವೇದ್ಯದ ಅಡಿಗೆಯನ್ನೆಲ್ಲ ಮಾಡಿಕೊಟ್ಟ ತಾಯಿಯವರು ಮುತ್ತೈದೆಯರು ಬರುವ ಹೊತ್ತಿಗೆ ಸದ್ದಿಲ್ಲದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರೂ ಅವರಿಗೆ ಹೋಗಿರೆಂದು ಹೇಳಿದ್ದಿಲ್ಲ. ಇರಿ ಎಂದು ಹೇಳಿದವರೂ ಇರಲಿಲ್ಲ. ಹೇಳದವರಲ್ಲಿ ನಾನೇ ಮೊದಲಿಗ.

ಒಂದು ವರ್ಷ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗಳು ಅಜ್ಜಿ ಎಲ್ಲಿ ಎಂದು ಎಲ್ಲರೆದುರು ಕೇಳಿದಳು. ಅಜ್ಜಿಗಿಲ್ಲದ ಪೂಜೆ ತನಗೂ ಬೇಡವೆಂದಳು. ತಾಯಿಯವರಿಗೆ ನೋವಾದದ್ದು ಮೊಮ್ಮಗಳ ಮಾತಿನಿಂದ, ಪದ್ಧತಿಯಿಂದಲ್ಲ. ಪೂಜೆ ನಿಂತರೆ ಅದಕ್ಕೆ ತಾವೇ ಕಾರಣವೆಂದು ಅತ್ತರು. ಒಬ್ಬರ ವಿಚಾರವೂ ಇನ್ನೊಬ್ಬರ ಶ್ರದ್ಧೆಯೂ ಒಂದೇ ಮನೆಯಲ್ಲಿ ಹೀಗೆ ಎದುರಾದಾಗ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ನರ್ಮದರ ಬದುಕನ್ನು ಓದತೊಡಗಿದ್ದು ಆ ವರ್ಷವೇ.

ಅದರಿಂದ ನಾನು ಕಲಿತದ್ದು ಇಷ್ಟು. ಶಾಸ್ತ್ರ ಹೇಳುತ್ತದೆಂಬ ಕಾರಣಕ್ಕೆ ಒಬ್ಬ ಮನುಷ್ಯಳನ್ನು ಬಾಗಿಲ ಹಿಂದೆ ಕೂರಿಸುವುದು ತಪ್ಪು. ಈ ವಿಷಯದಲ್ಲಿ 1860ರ ನರ್ಮದರೇ ಸರಿ. ಆದರೆ ಆ ಮನುಷ್ಯಳ ಮನಸ್ಸಿನಲ್ಲಿರುವ ದೇವರನ್ನು ಅವಳ ಅನುಮತಿಯಿಲ್ಲದೆ ಕಿತ್ತುಹಾಕುವ ಅಧಿಕಾರವೂ ನಮಗಿಲ್ಲ. ಅದನ್ನು 1885ರ ನರ್ಮದರು ಕಂಡುಕೊಂಡಿದ್ದರು. ಎರಡನ್ನೂ ಒಟ್ಟಿಗೆ ಹಿಡಿಯುವುದು ಅವರಿಗೂ ಸಾಧ್ಯವಾಗಲಿಲ್ಲ. ಒಂದಾದ ಮೇಲೊಂದರಂತೆ ಹಿಡಿದರು. ಬಾಗಿಲ ಹೊರಗೆ ನಿಂತ ನಮಗೆ ಎರಡನ್ನೂ ಹಿಡಿಯದೆ ಗತ್ಯಂತರವಿಲ್ಲ.

ಮರುವರ್ಷ ಪೂಜೆಗೆ ಮುನ್ನವೇ ನಾನು ತಾಯಿಯವರ ಬಳಿ ಕುಳಿತು, ಬಂದವರಿಗೆಲ್ಲ ಹಿರಿಯರಾಗಿ ತಾವೇ ಆಶೀರ್ವಾದ ಮಾಡಬೇಕೆಂದು ಬೇಡಿಕೊಂಡೆ. ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಹೊರಗೆ ಬಂದು ದೇವರ ಮುಂದೆ ಕುಳಿತರು. ಮೊಮ್ಮಗಳು ಮೊದಲು ಅವರಿಗೆ ನಮಸ್ಕರಿಸಿದಳು. ನೆರೆಯ ಗೃಹಿಣಿಯರೂ ನಮಸ್ಕರಿಸಿದರು. ತಾಯಿಯವರು ಅಕ್ಷತೆ ಹಾಕಿದರು. ಕುಂಕುಮವನ್ನು ಮಾತ್ರ ಇಂದಿಗೂ ಮುಟ್ಟುವುದಿಲ್ಲ. ಮಗಳಿಗೆ ಇದು ಅರ್ಧ ಗೆಲುವು. ತಾಯಿಯವರಿಗೆ ಇದೇ ಹೆಚ್ಚಾಯಿತು. ಆದರೆ ಆ ದಿನ ಬಾಗಿಲು ಮುಚ್ಚಲಿಲ್ಲ, ಅನಂತರವೂ ಮುಚ್ಚಿಲ್ಲ.

ಗೋಪಿಪುರದ ಆಮ್ಲೀರಾನಿನಲ್ಲಿ ನರ್ಮದರು 1866ರಲ್ಲಿ ಕಟ್ಟಿಸಿದ ಮನೆಯನ್ನು ಸೂರತ್ ಮಹಾನಗರಪಾಲಿಕೆ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ದೇವರ ವಾಕ್ಯವನ್ನೇ ಪ್ರಶ್ನಿಸಿದ ಕವಿ ಆ ಮನೆಗೆ ಇಟ್ಟ ಹೆಸರು ಸರಸ್ವತಿ ಮಂದಿರ. ಸೂರತ್ತಿನಲ್ಲಿರುವ ಕನ್ನಡ ಬಂಧುಗಳು ಮಕ್ಕಳೊಂದಿಗೆ ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಬೇಕೆಂದು ವಿನಂತಿ.